3 ಮಿ.ಮೀ. ಅಕ್ರಿಲಿಕ್ ಶೀಟನ್ನು ಕೈ ಕಟರ್‌ನಿಂದ ಸುರಕ್ಷಿತವಾಗಿ ಕತ್ತರಿಸುವುದು ಹೇಗೆ?

ಪುಸ್ತಕದ ಕಪಾಟಿಗೆ 3 ಮಿ.ಮೀ. ಅಕ್ರಿಲಿಕ್ ಬಾಗಿಲು ಮಾಡಹೊರಟಿದ್ದೀರಿ. ಕಾಗದ ಕೊಯ್ಯುವ ಕಟರ್ ಎರಡು ಸಲ ಜಾರಿತು, ಶೀಟು ಅಡ್ಡಾದಿಡ್ಡಿಯಾಗಿ ಒಡೆಯಿತು ಎಂದು ಬರೆದಿದ್ದೀರಿ. ನಾಮಫಲಕ ಮಾಡುವ ಅಂಗಡಿಯಲ್ಲಿ ಹಲವು ವರ್ಷ ಇದೇ ಕೆಲಸ ಮಾಡಿದವನಾಗಿ ಉತ್ತರಿಸುತ್ತಿದ್ದೇನೆ.

ಅಕ್ರಿಲಿಕ್ಕನ್ನು ಕೈ ಕಟರ್‌ನಿಂದ ಯಾರೂ ಪೂರ್ತಿ ಕತ್ತರಿಸುವುದಿಲ್ಲ; ಗಾಜಿನಂತೆಯೇ ಗೀರು ಹಾಕಿ ಮುರಿಯುತ್ತಾರೆ. ಇದಕ್ಕೆ ಬೇಕಾದದ್ದು ಕೊಕ್ಕಿನಂತೆ ಬಾಗಿದ ಅಲಗಿನ ಅಕ್ರಿಲಿಕ್ ಕಟರ್. ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯನ್ನು ಸಾಣೆ ಹಿಡಿದು, ಹಿಡಿಗೆ ಟೇಪು ಸುತ್ತಿ ಇದನ್ನು ತಾವೇ ಮಾಡಿಕೊಳ್ಳುವವರೂ ಇದ್ದಾರೆ. ಸಾಮಾನ್ಯ ಕಟರ್‌ನ ತೆಳ್ಳನೆಯ ಅಲಗು ಶೀಟನ್ನು ಸೀಳಿಕೊಂಡು ಹೋಗಲು ನೋಡುತ್ತದೆ, ಒತ್ತಿದರೆ ಬಳುಕುತ್ತದೆ, ಕೆಲವೊಮ್ಮೆ ತುಂಡಾಗಿ ಸಿಡಿಯುತ್ತದೆ. ಕೊಕ್ಕಿನ ಅಲಗಾದರೆ ಪ್ಲಾಸ್ಟಿಕ್ಕನ್ನು ಸಣ್ಣ ಸುರುಳಿಯಾಗಿ ಹೆರೆದು ತೆಗೆಯುತ್ತದೆ.

ಶೀಟಿನ ಮೇಲಿನ ರಕ್ಷಣಾ ಕಾಗದವನ್ನು ಕೀಳಬೇಡಿ. ಸಮತಟ್ಟಾದ ಮೇಜಿನ ಮೇಲೆ ಶೀಟನ್ನೂ ದಪ್ಪನೆಯ ಸ್ಟೀಲ್ ಸ್ಕೇಲನ್ನೂ ಸೇರಿಸಿ ಎರಡು ತುದಿಗಳಲ್ಲಿ ಕ್ಲ್ಯಾಂಪ್ ಹಾಕಿ. ಒಮ್ಮೆ ನಾನು ಕ್ಲ್ಯಾಂಪ್ ಹುಡುಕುವ ಸೋಮಾರಿತನದಿಂದ ಸ್ಕೇಲನ್ನು ಎಡಗೈಯಲ್ಲಿ ಒತ್ತಿಹಿಡಿದಿದ್ದೆ. ಅಲಗು ಸ್ಕೇಲಿನ ಅಂಚನ್ನು ಹತ್ತಿ, ಹೊರಚಾಚಿದ್ದ ಹೆಬ್ಬೆರಳಿನ ಉಗುರಿನವರೆಗೂ ಇಳಿಯಿತು. ಆ ದಿನದಿಂದ ಕ್ಲ್ಯಾಂಪ್ ಇಲ್ಲದೆ ಕಟರ್ ಮುಟ್ಟಿಲ್ಲ. ಕಟರನ್ನು ನಿಮ್ಮತ್ತ ಎಳೆಯಬೇಕಾಗುವುದರಿಂದ ಗೀರಿನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಅಲಗು ಜಾರಿದರೆ ಅದು ಹೊಟ್ಟೆಗೋ ತೊಡೆಗೋ ಬರಬಾರದು.

ಮೊದಲ ಎರಡು ಮೂರು ಗೀರುಗಳು ತೀರಾ ಹಗುರವಾಗಿರಲಿ, ಅವು ದಾರಿ ಮಾಡಿಕೊಡಲು ಮಾತ್ರ. ಅಲಗು ಆ ಕಾಲುವೆಯಲ್ಲಿ ಕೂತ ಮೇಲೆ ಒತ್ತಡವನ್ನು ತುಸು ಹೆಚ್ಚಿಸಿ, ಗೀರು ದಪ್ಪದ ಮೂರನೇ ಒಂದು ಭಾಗದಷ್ಟಾದರೂ ಇಳಿಯುವವರೆಗೆ ಎಳೆಯುತ್ತಿರಿ, 3 ಮಿ.ಮೀ. ಶೀಟಿಗೆ ಹತ್ತು ಹದಿನೈದು ಸಲ ಬೇಕಾದೀತು. ಗೀರು ಶೀಟಿನ ಎರಡೂ ಅಂಚುಗಳನ್ನು ದಾಟಿ ಹೋಗಿರಬೇಕು. ನಿಮ್ಮ ಶೀಟು ಅಡ್ಡಾದಿಡ್ಡಿ ಒಡೆದದ್ದಕ್ಕೆ ಬಹುಶಃ ಕಾರಣ ಇದೇ: ಗೀರು ನಿಂತಲ್ಲಿಂದ ಬಿರುಕು ತನಗೆ ಬೇಕಾದ ಕಡೆ ತಿರುಗುತ್ತದೆ.

ಮುರಿಯುವಾಗ ಗೀರು ಮೇಲ್ಮುಖವಾಗಿ, ಸರಿಯಾಗಿ ಮೇಜಿನ ಅಂಚಿನ ಮೇಲೆ ಬರಲಿ. ಒಳಭಾಗವನ್ನು ಮರದ ಪಟ್ಟಿಯಿಟ್ಟು ಬಿಗಿದು, ಹೊರಚಾಚಿದ ಭಾಗವನ್ನು ಅಂಗೈಗಳಿಂದ ಒಂದೇ ಸಲ ಕೆಳಕ್ಕೆ ಒತ್ತಿ. ಚೂರು ಸಿಡಿಯುವುದು ಈ ಹಂತದಲ್ಲಿ, ಆದ್ದರಿಂದ ಕಣ್ಣಿಗೆ ರಕ್ಷಣಾ ಕನ್ನಡಕ ಬೇಕೇ ಬೇಕು. ಮುರಿದ ಅಂಚು ಹರಿತ, ಅದನ್ನು ಹಿಡಿಯಲು ದಪ್ಪ ಕೈಗವಸು ಹಾಕಿಕೊಳ್ಳಿ. ಒತ್ತಿದಾಗ ಶೀಟು ಮೊಂಡುತನ ಮಾಡಿದರೆ ಬಲ ಹಾಕಬೇಡಿ, ಮತ್ತೆ ನಾಲ್ಕು ಗೀರು ಹಾಕಿ. ಎರಡು ಬೆರಳಿಗಿಂತ ಕಿರಿದಾದ ಪಟ್ಟಿ, ತಿರುವು, ಒಳಮೂಲೆ ಇವು ಈ ವಿಧಾನಕ್ಕೆ ಒಗ್ಗುವುದಿಲ್ಲ; ಅವಕ್ಕೆ ಸಣ್ಣ ಹಲ್ಲಿನ ಗರಗಸ ಹಿಡಿದು ನಿಧಾನವಾಗಿ ಕೊಯ್ಯಿರಿ, ಏಕೆಂದರೆ ಬಿಸಿಯಾದರೆ ಅಕ್ರಿಲಿಕ್ ಮೆತ್ತಗಾಗಿ ಅಲಗಿಗೆ ಅಂಟುತ್ತದೆ.

ಕೊಂಡದ್ದು ಅಕ್ರಿಲಿಕ್ ಹೌದೇ ಎಂಬುದನ್ನೂ ನೋಡಿಕೊಳ್ಳಿ. ನೋಡಲು ಅದರಂತೆಯೇ ಇರುವ ಪಾಲಿಕಾರ್ಬೊನೇಟ್ ಶೀಟಿನ ತುಂಡನ್ನು ಬಗ್ಗಿಸಿದರೆ ಬಗ್ಗುತ್ತದೆಯೇ ಹೊರತು ಮುರಿಯುವುದಿಲ್ಲ, ಹೀಗಾಗಿ ಅದಕ್ಕೆ ಗೀರು ಹಾಕುವುದು ವ್ಯರ್ಥ. ಸನ್‌ಬೋರ್ಡ್ (ನಾಮಫಲಕಕ್ಕೆ ಬಳಸುವ ಹಗುರವಾದ ಫೋಮ್ ಹಲಗೆ) ಆದರೆ ನಿಮ್ಮ ಹಳೆಯ ಕಟರೇ ಸಾಕು.

ಮುರಿದ ಅಂಚನ್ನು ಹ್ಯಾಕ್ಸಾ ಬ್ಲೇಡಿನ ಬೆನ್ನಿನಿಂದ ಹೆರೆದು, ನೀರು ಹಚ್ಚಿದ ಸ್ಯಾಂಡ್ ಪೇಪರಿನಿಂದ ಉಜ್ಜಿ. ಒರೆಸಲು ಸೋಪಿನ ನೀರು ಸಾಕು. ಸ್ಪಿರಿಟ್ ಅಥವಾ ಥಿನ್ನರ್ ತಾಗಿದರೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ.