ಗಡಿ ದಾಟಿ ಬಂದ ಸೊಸೆಯ ಓಟು ಎಲ್ಲಿ?

ಮೊನ್ನೆ ನೀನು ಫೋನಿನಲ್ಲಿ ಎರಡು ಮಾತು ಕೇಳಿದೆ. ನಿಮ್ಮ ಸಿರುಗುಪ್ಪದ ಕಡೆ ಚುನಾವಣೆ ಎಂದರೆ ದುಡ್ಡು ಹಂಚುವುದು ತಾನೇ, ಅದಕ್ಕೊಂದು ಸಂಘ ಬೇರೆ ಯಾಕೆ ಎಂದೆ. ಅಷ್ಟಕ್ಕೇ ಬಿಡದೆ, ಮನೆಯಲ್ಲಿ ತೆಲುಗು ಆಡುವ ನೀವು ಅರ್ಧ ಆಂಧ್ರದವರೇ ಅಲ್ಲವೇ ಎಂದು ಸೇರಿಸಿದೆ. ಆಗಲೇ ಉತ್ತರ ಕೊಟ್ಟಿದ್ದರೆ ಮಾತು ಬಿರುಸಾಗುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಎರಡನೆಯ ಮಾತಿಗೆ ಮೊದಲು ಉತ್ತರ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅದೇ ದಿನ ಮದ್ರಾಸ್ ರಾಜ್ಯದಲ್ಲಿದ್ದ ನಮ್ಮ ಬಳ್ಳಾರಿ ಜಿಲ್ಲೆ ಎರಡಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಸಿರುಗುಪ್ಪ, ಹೊಸಪೇಟೆ, ಕೂಡ್ಲಿಗಿ, ಸಂಡೂರು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕು ಎಂಬ ಜಗಳ ತೀರಿಸಲು ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗವೇ ಬರಬೇಕಾಯಿತು. ಬಳ್ಳಾರಿ ಮೈಸೂರಿಗೆ ಸೇರುವ ಆ ಹೊತ್ತಿನಲ್ಲೇ ರಂಜಾನ್ ಸಾಬ್ ಎಂಬುವರು ಕನ್ನಡಕ್ಕಾಗಿ ಪ್ರಾಣ ಬಿಟ್ಟರು. ಹುಬ್ಬಳ್ಳಿ, ಮಂಗಳೂರು, ರಾಯಚೂರು ಬಂದದ್ದು 1956ರಲ್ಲಿ. ಅವರಿಗಿಂತ ಮೂರು ವರ್ಷ ಮೊದಲೇ ಬಂದವರನ್ನು ನೀನು ಅರ್ಧದವರು ಎನ್ನುತ್ತೀಯೆ. ನಮ್ಮಲ್ಲಿ ಒಂದೇ ಮನೆಯೊಳಗೆ ಅಜ್ಜಿಯೊಡನೆ ತೆಲುಗು, ಮಕ್ಕಳೊಡನೆ ಕನ್ನಡ, ಅಂಗಡಿಯ ಚಾಚಾನೊಡನೆ ಉರ್ದು. ಇದರಲ್ಲಿ ಯಾವ ಮಾತನ್ನಾಡುವಾಗಲೂ ನಾವು ಬಳ್ಳಾರಿಯವರೇ. ಗೆರೆ ಎಳೆದವರು ಊರುಗಳನ್ನು ಹಂಚಿದರು. ಬೀಗತನವನ್ನು ಹಂಚಲು ಅವರಿಂದ ಆಗಲಿಲ್ಲ. ಇವತ್ತಿಗೂ ಹೊಳಗುಂದದಿಂದ, ಆಲೂರಿನಿಂದ, ಆದವಾನಿಯಿಂದ ಹೆಣ್ಣು ತರುತ್ತೇವೆ, ಅಲ್ಲಿಗೆ ಹೆಣ್ಣು ಕೊಡುತ್ತೇವೆ. ನಮ್ಮ ಸಂಘದ ಕೆಲಸ ಹುಟ್ಟಿದ್ದೇ ಇದರಿಂದ.

ಈಗ ಸಂಘದ ವಿಷಯ. ಅದು ಯಾವ ಪಕ್ಷದ್ದೂ ಅಲ್ಲ, ಆದರೆ ಅದರಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಯಾರ ಹೆಗಲ ಮೇಲೂ ಪಕ್ಷದ ಶಾಲು ಇರಬಾರದು ಎಂಬುದೊಂದೇ ನಿಯಮ. ಚುನಾವಣೆಯ ವರ್ಷ ಬಂದಾಗ ಅಭ್ಯರ್ಥಿಗಳನ್ನು ಕಟ್ಟೆಯ ಮೇಲೆ ಕೂರಿಸಿ ಪ್ರಶ್ನೆ ಕೇಳುತ್ತೇವೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಕೊನೆಯಂಚಿನ ಗದ್ದೆಗೆ ಯಾಕೆ ಮುಟ್ಟುವುದಿಲ್ಲ ಎಂಬುದು ಮೊದಲ ಪ್ರಶ್ನೆ. ಹೆಚ್ಚಿನವರು ಅಲ್ಲಿಯೇ ಬೆವರುತ್ತಾರೆ. ಎದ್ದು ಬರಲಾಗದ ಹಿರಿಯರಿಗೆ ಮನೆಯಿಂದಲೇ ಮತ ಹಾಕುವ ಅರ್ಜಿ ತುಂಬಿಕೊಡುತ್ತೇವೆ. ದುಡ್ಡು ಹಂಚುವವರು ಇಲ್ಲವೆಂದು ನಾನು ಹೇಳುವುದಿಲ್ಲ. ನಿನ್ನ ಬಡಾವಣೆಯಲ್ಲೂ ಇದ್ದಾರೆ. 1999ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಇಲ್ಲಿ ಎದುರುಬದುರಾದಾಗ ದೇಶದ ಕ್ಯಾಮೆರಾಗಳೆಲ್ಲ ಬಂದವು, ಆಮೇಲೆ ಗಣಿಯ ಸುದ್ದಿಗೆ ಬಂದವು. ಹೊರಗಿನವರಿಗೆ ಗೊತ್ತಿರುವುದು ಅಷ್ಟೇ ಬಳ್ಳಾರಿ.

ನಮ್ಮ ಹೊತ್ತನ್ನು ತಿನ್ನುವುದು ಇದ್ಯಾವುದೂ ಅಲ್ಲ. ಮತದಾರರ ಪಟ್ಟಿಯಲ್ಲಿ ಸೊಸೆಯಂದಿರ ಹೆಸರು. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಬೆಂಗಳೂರಿನಲ್ಲಿ ಕುಳಿತವರಿಗೆ ಇಂಥದ್ದೊಂದು ಕಷ್ಟ ಇದೆ ಎಂದೇ ಗೊತ್ತಿಲ್ಲ.

ಹೊಳಗುಂದದ ಹುಡುಗಿಗೆ ಹದಿನೆಂಟು ತುಂಬಿದಾಗ ಆಂಧ್ರದ ಪಟ್ಟಿಯಲ್ಲಿ ಹೆಸರು ಸೇರುತ್ತದೆ. ಆಮೇಲೆ ಮದುವೆಯಾಗಿ ನಮ್ಮೂರಿಗೆ ಬರುತ್ತಾಳೆ. ಅಲ್ಲಿನ ದಾಖಲೆಯಲ್ಲಿ ಮನೆತನದ ಹೆಸರು ಮೊದಲು, ಅವಳ ಹೆಸರು ನಂತರ, ಕೆಳಗೆ ತಂದೆಯ ಹೆಸರು. ಇಲ್ಲಿ ಪಡಿತರ ಚೀಟಿಗೆ ಸೇರಿಸುವಾಗ ಮನೆತನದ ಹೆಸರು ಬಿದ್ದುಹೋಗಿ ಗಂಡನ ಹೆಸರು ಬರುತ್ತದೆ. ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಗುಮಾಸ್ತರಿಗೆ ಇವರು ಇಬ್ಬರು ಬೇರೆ ಬೇರೆ ಹೆಂಗಸರು. ಆಧಾರ್‌ನಲ್ಲಿ ತವರಿನ ವಿಳಾಸವೇ ಉಳಿದಿದ್ದರೆ ಪಾಡು ಇನ್ನೂ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಿರುಗುಪ್ಪದಿಂದ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ನಾದಿನಿಗೆ ಶೂನ್ಯ ಟಿಕೆಟ್, ಪಕ್ಕದಲ್ಲೇ ಕುಳಿತ ಅತ್ತಿಗೆಗೆ ಪೂರ್ತಿ ದರ. ಒಂದೇ ಒಲೆಯ ಅನ್ನ ಉಣ್ಣುವವರು ಅವರಿಬ್ಬರೂ.

ಕಾನೂನು ಸ್ಪಷ್ಟವಾಗಿದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರದ ಪಟ್ಟಿಯಲ್ಲಿರುವಂತಿಲ್ಲ. ಸುಳ್ಳು ಘೋಷಣೆ ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು. ಹೆಸರನ್ನು ವರ್ಗಾಯಿಸಲು ನಮೂನೆ 8 ಇದೆ. ಆದರೆ 2022ರ ಆಗಸ್ಟ್‌ಗೆ ಮೊದಲು ಬೇರೆ ಕ್ಷೇತ್ರಕ್ಕೆ ಹೋದವರೂ ನಮೂನೆ 6ನ್ನೇ ತುಂಬಬೇಕಿತ್ತು. ಈಗ ನಮೂನೆ 6 ಹೊಸ ಮತದಾರರಿಗೆ ಮಾತ್ರ. ಹಳೆಯ ರೂಢಿ ಹೋಗಿಲ್ಲ. ಅಂಗಡಿಯಲ್ಲಿ ಕುಳಿತು ಅರ್ಜಿ ತುಂಬುವ ಹುಡುಗ ಇವತ್ತಿಗೂ ನಮೂನೆ 6ನ್ನೇ ತೆರೆಯುತ್ತಾನೆ. ತಾನು ಎಲ್ಲಿಯೂ ಮತದಾರಳಲ್ಲ ಎಂಬ ಘೋಷಣೆಯ ಕೆಳಗೆ ಆ ಹೆಣ್ಣುಮಗಳು ಓದದೆ ಸಹಿ ಹಾಕುತ್ತಾಳೆ. ಈಗ ಅವಳ ಹೆಸರು ಎರಡೂ ರಾಜ್ಯದಲ್ಲಿದೆ, ಅದು ಅವಳಿಗೆ ಗೊತ್ತೇ ಇಲ್ಲ.

2024ರ ಲೋಕಸಭೆ ಚುನಾವಣೆಯಲ್ಲಿ ಇದು ಎಷ್ಟು ಹಿಂಸೆಯಾಯಿತು ಎಂದರೆ, ನಮ್ಮಲ್ಲಿ ಮತದಾನ ಮೇ 7ಕ್ಕೆ, ಆಂಧ್ರದಲ್ಲಿ ಮೇ 13ಕ್ಕೆ, ಅದೂ ವಿಧಾನಸಭೆಯ ಜೊತೆಗೆ. ನಡುವೆ ಒಂದು ವಾರವೂ ಇಲ್ಲ. ತವರಿನಿಂದ ಅಣ್ಣ ತಮ್ಮಂದಿರು ಫೋನ್ ಮಾಡುತ್ತಾರೆ: ಅಲ್ಲಿ ಓಟು ಹಾಕಬೇಡ, ಬೆರಳಿಗೆ ಶಾಯಿ ಬಿದ್ದರೆ ಇಲ್ಲಿ ಬಿಡುವುದಿಲ್ಲ, ನಮ್ಮ ಊರಿನ ಮಾನದ ಪ್ರಶ್ನೆ. ಇಲ್ಲಿ ಮಾವ ಹೇಳುತ್ತಾರೆ: ಈ ಮನೆಗೆ ಬಂದ ಮೇಲೆ ಓಟೂ ಈ ಮನೆಯದೇ. ಇಬ್ಬರ ನಡುವೆ ನಿಂತ ಆ ಹುಡುಗಿಗೆ ಯಾರು ಬೇಕು ಎಂದು ಎರಡೂ ಕಡೆಯವರು ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಈ ಮಾತಿಗೇ. ಇವಳನ್ನು ಎರಡು ಓಟಿನ ಮೋಸಗಾರ್ತಿ ಎಂದು ಬರೆಯುವವರು ಒಂದು ದಿನ ಅವಳ ಅಡುಗೆಮನೆಯಲ್ಲಿ ಕುಳಿತು ಆ ಫೋನುಗಳನ್ನು ಕೇಳಲಿ.

ನಾವು ಮಾಡುವುದು ಇಷ್ಟು. ಕರಡು ಪಟ್ಟಿ ಬಂದ ಕೂಡಲೇ ಬೀದಿಯ ಲೆಕ್ಕದಲ್ಲಿ ಹೆಸರುಗಳನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದುತ್ತೇವೆ. ಸತ್ತವರು, ಊರು ಬಿಟ್ಟವರು, ಹೊಸದಾಗಿ ಬಂದವರು ಎಲ್ಲ ಅಲ್ಲಿಯೇ ತಿಳಿಯುತ್ತದೆ. ಆಮೇಲೆ ನಮ್ಮ ಸಂಘದ ಹೆಣ್ಣುಮಕ್ಕಳು ಮನೆಗೆ ಹೋಗಿ ಸೊಸೆಯೊಡನೆಯೇ ಮಾತನಾಡುತ್ತಾರೆ, ಗಂಡನೊಡನೆ ಅಲ್ಲ. ಹಳೆಯ ಓಟರ್ ಕಾರ್ಡಿನ ಸಂಖ್ಯೆ ಹಾಕಿ ನಮೂನೆ 8 ತುಂಬುತ್ತಾರೆ. ಎರಡು ಕಡೆ ಹೆಸರಿದ್ದರೆ ತವರಿನ ಹೆಸರು ತೆಗೆಸಲು ನಮೂನೆ 7. ಅತ್ತೆಯರ ಮೊದಲ ಅಂಜಿಕೆ ಯಾವಾಗಲೂ ಒಂದೇ: ಹೆಸರು ತೆಗೆಸಿದರೆ ರೇಷನ್ ಹೋಗುತ್ತದೆ, ಗೃಹಲಕ್ಷ್ಮಿ ನಿಲ್ಲುತ್ತದೆ. ಮತದಾರರ ಪಟ್ಟಿಗೂ ಪಡಿತರಕ್ಕೂ ಸಂಬಂಧವಿಲ್ಲ ಎಂದು ಹೇಳಿ ಹೇಳಿ ನಮ್ಮ ಗಂಟಲು ಆರುತ್ತದೆ. ಸೊಸೆಗೆ ತವರಿನ ಹೆಸರು ಅಳಿಸಿದರೆ ತವರೇ ಅಳಿಸಿದಂತೆ ಅನಿಸುತ್ತದೆ, ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಸುಮ್ಮನೆ ಕುಳಿತು ಕೇಳುತ್ತೇವೆ, ಇನ್ನೊಂದು ದಿನ ಮತ್ತೆ ಹೋಗುತ್ತೇವೆ.

ಪಂಚಾಯಿತಿ ಚುನಾವಣೆ ಬಂದರೆ ಗಂಟು ಇನ್ನೂ ಬಿಗಿ. ನಮ್ಮ ಬಳ್ಳಾರಿ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಪರಿಶಿಷ್ಟ ಪಂಗಡಕ್ಕೆ ಮೀಸಲು, ಸಿರುಗುಪ್ಪವೂ ಅದರಲ್ಲೊಂದು. ವಾಲ್ಮೀಕಿ ನಾಯಕರು ಇಲ್ಲಿ ಪರಿಶಿಷ್ಟ ಪಂಗಡದವರು. ಅದೇ ಬಳಗದ ಬೋಯರು ಗಡಿಯಾಚೆ ಕರ್ನೂಲು, ಅನಂತಪುರದ ಕಡೆ ಹಿಂದುಳಿದ ವರ್ಗದವರು. ಅವರನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಆಂಧ್ರ ವಿಧಾನಸಭೆ 2023ರಲ್ಲಿ ನಿರ್ಣಯ ಮಾಡಿತು. ಜಾತಿ ಹುಟ್ಟಿನಿಂದ, ಮದುವೆಯಿಂದ ಅಲ್ಲ ಎನ್ನುತ್ತದೆ ಕಾನೂನು. ಹಾಗಾಗಿ ಅತ್ತ ಹುಟ್ಟಿದ ಬೋಯರ ಮಗಳು ಇತ್ತ ಸೋದರತ್ತೆಯ ಮಗನನ್ನೇ ಮದುವೆಯಾಗಿ ಬಂದರೂ ಗಂಡನಿಗೆ ಸಿಗುವ ಪ್ರಮಾಣಪತ್ರ ಅವಳಿಗೆ ಸಿಗುವುದಿಲ್ಲ. ಅವಳ ಮಕ್ಕಳಿಗೆ ಸಿಗುತ್ತದೆ. ತಾಯಿಗಿಲ್ಲ.

ನಮ್ಮ ಬೀದಿಯಲ್ಲಿ ಅಂಥವಳೊಬ್ಬಳಿದ್ದಾಳೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು, ಕಾಲುವೆಯ ನೀರಿಗಾಗಿ ಹೆಂಗಸರನ್ನು ಕಟ್ಟಿಕೊಂಡು ಕಚೇರಿಯ ಮುಂದೆ ಕುಳಿತವಳು. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ವಾರ್ಡಿನ ಸ್ಥಾನ ಪರಿಶಿಷ್ಟ ಪಂಗಡದ ಮಹಿಳೆಗೆ ಬಂದಾಗ ಊರೇ ಅವಳ ಹೆಸರು ಹೇಳಿತು. ಅರ್ಜಿ ಹಿಡಿದು ಹೋದಾಗ, ನೀವು ಹುಟ್ಟಿದ್ದು ಎಲ್ಲಿ ಎಂದು ಕೇಳಿದರು. ಅಲ್ಲಿಗೆ ಮುಗಿಯಿತು. ಅವಳ ನೆಗೆಣ್ಣಿ ತೆಕ್ಕಲಕೋಟೆಯವಳು, ಅವಳ ಕಾಗದ ಸರಿಯಿತ್ತು, ಅವಳೇ ನಿಂತಳು, ಗೆದ್ದಳು. ಓಟು ಕೇಳಲು ಮನೆಮನೆಗೆ ತಿರುಗಿದವಳು ಇವಳು. ನೆಗೆಣ್ಣಿಯರಲ್ಲಿ ಮುನಿಸಿಲ್ಲ. ನನ್ನಲ್ಲಿ ಇದೆ.

ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ. ಮೀಸಲು ಬದಲಾಗುತ್ತಾ ಬರುವುದರಿಂದ ಮುಂದಿನ ಸಲ ನಮ್ಮ ವಾರ್ಡ್ ಸಾಮಾನ್ಯ ಮಹಿಳೆಗೆ ಬಂದರೂ ಬರಬಹುದು. ಬಂದರೆ ಇವಳೇ ನಿಲ್ಲಬೇಕು ಎಂದು ಸಂಘದಲ್ಲಿ ನಾನು ಪಟ್ಟು ಹಿಡಿದಿದ್ದೇನೆ. ನಿಲ್ಲಬೇಕಾದರೆ ಅವಳ ಹೆಸರು ನಮ್ಮ ಪಂಚಾಯಿತಿಯ ಪಟ್ಟಿಯಲ್ಲಿ ತಪ್ಪಿಲ್ಲದೆ ಇರಬೇಕು. ಪಟ್ಟಿಯಲ್ಲಿ ಗಂಡನ ಹೆಸರಿನ ಜಾಗದಲ್ಲಿ ಮಾವನ ಹೆಸರು ಅಚ್ಚಾಗಿದೆ. ಅದರ ತಿದ್ದುಪಡಿಗೂ ನಮೂನೆ 8 ತುಂಬಿ ಕೊಟ್ಟಿದ್ದೇವೆ, ಮತಗಟ್ಟೆ ಅಧಿಕಾರಿ ಈ ವಾರ ಪರಿಶೀಲನೆಗೆ ಬರುತ್ತಾರಂತೆ.