ಬದುಕುಳಿದವರಿಗೆ ಸ್ಮಾರಕದಲ್ಲಿ ಜಾಗವೇಕೆ?

ಮಾನ್ಯ ಓದುಗರೇ,

ರಾಜಕೀಯ ವ್ಯಕ್ತಿಗಳನ್ನು ಗುರಿಯಾಗಿಸಿದ ಗುಂಡಿನ ದಾಳಿಗಳು ಮತ್ತು ಅವುಗಳ ಸ್ಮಾರಕಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಸತ್ತವರಿಗೆ ಸಲ್ಲಬೇಕಾದ ಗೌರವವನ್ನು ಗಾಯಗೊಂಡು ಬದುಕುಳಿದವರಿಗೂ ಹಂಚಿದರೆ ಅದರ ತೂಕ ತಗ್ಗುತ್ತದೆ, ಬದುಕಿರುವವರು ತಮ್ಮ ಮಾತನ್ನು ತಾವೇ ಆಡಬಲ್ಲರು ಎಂಬುದು ತಮ್ಮ ಮೊದಲ ಆಕ್ಷೇಪ. ಗುಂಡು ಹಾರಿಸಿದವರ ಹೆಸರುಗಳನ್ನು ಬಿಟ್ಟದ್ದರಿಂದ ಇತಿಹಾಸ ಅರೆಬರೆಯಾಯಿತು ಎಂಬುದು ಇನ್ನೊಂದು. ಈ ಎರಡನೆಯದಕ್ಕೆ ಉತ್ತರ ಚಿಕ್ಕದು: ಆ ಹೆಸರುಗಳು ನ್ಯಾಯಾಲಯದ ದಾಖಲೆಗಳಲ್ಲಿವೆ, ತನಿಖೆಯ ಬಗ್ಗೆ ಬರೆಯುವಾಗ ನಾವೂ ಅವನ್ನು ಬರೆಯುತ್ತೇವೆ, ಸ್ಮಾರಕದ ಲೇಖನದಲ್ಲಿ ಅವಕ್ಕೆ ಕೆಲಸವಿರಲಿಲ್ಲ. ಮೊದಲನೆಯದನ್ನು ನಾವು ಒಪ್ಪಲಾರೆವು.

1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನ ಹೋಟೆಲೊಂದರ ಹೊರಗೆ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರತ್ತ ಹಾರಿಸಿದ ಗುಂಡುಗಳಲ್ಲೊಂದು ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಯವರ ತಲೆಯನ್ನು ಹೊಕ್ಕಿತು. (ಆ ದಾಳಿಕೋರನಿಗೆ ರಾಜಕೀಯ ಉದ್ದೇಶವೇ ಇರಲಿಲ್ಲವೆಂದು ತಾವು ಹೇಳಬಹುದು, ಗುಂಡು ಹೋದದ್ದು ಜನ ಆರಿಸಿದವರ ಕಡೆಗೆ ಎಂಬುದಷ್ಟೇ ನಮ್ಮ ಲೇಖನದ ಅಳತೆಗೋಲಾಗಿತ್ತು.) ರೇಗನ್ ಅವರೂ ಗಾಯಗೊಂಡಿದ್ದರು, ಆದರೆ ತಿಂಗಳು ತುಂಬುವುದರೊಳಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ನಿಂತು ಭಾಷಣ ಮಾಡುವಷ್ಟು ಚೇತರಿಸಿಕೊಂಡರು. ಬ್ರೇಡಿಯವರ ಪಾಲಿಗೆ ಉಳಿದದ್ದು ಗಾಲಿಕುರ್ಚಿ. ಅವರು 2014ರ ಆಗಸ್ಟ್ 4ರಂದು ತೀರಿಕೊಂಡಾಗ, ಸಾವಿಗೆ ಕಾರಣ 33 ವರ್ಷಗಳ ಹಿಂದಿನ ಆ ಗುಂಡೇಟೇ ಆಗಿರುವುದರಿಂದ ಇದು ಕೊಲೆ ಎಂದು ವೈದ್ಯಕೀಯ ಪರೀಕ್ಷಕರು ತೀರ್ಮಾನಿಸಿದರು. ತಮ್ಮ ನಿಯಮದಂತೆ ನಡೆದಿದ್ದರೆ ಈ ಮನುಷ್ಯ 33 ವರ್ಷ ಯಾವ ಪಟ್ಟಿಯಲ್ಲಿಯೂ ಇರದೆ, ಸತ್ತ ದಿನ ದಿಢೀರನೆ ಗೌರವಕ್ಕೆ ಅರ್ಹರಾಗುತ್ತಿದ್ದರು. ಪುಣ್ಯಕ್ಕೆ ಹಾಗಾಗಲಿಲ್ಲ. ಕೆಲಸಕ್ಕೆ ಮರಳಲಾಗದಿದ್ದರೂ 1989ರಲ್ಲಿ ರೇಗನ್ ಅವಧಿ ಮುಗಿಯುವವರೆಗೆ ಪತ್ರಿಕಾ ಕಾರ್ಯದರ್ಶಿ ಎಂಬ ಪದನಾಮವನ್ನು ಅವರಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಬಂದೂಕು ಕೊಳ್ಳುವವರ ಹಿನ್ನೆಲೆಯನ್ನು ಪರಿಶೀಲಿಸಬೇಕೆಂಬ 1993ರ ಕಾನೂನಿಗೂ, ಶ್ವೇತಭವನದ ಪತ್ರಿಕಾಗೋಷ್ಠಿಯ ಕೋಣೆಗೂ ಅವರ ಹೆಸರು ಬಂದದ್ದು ಅವರ ಜೀವಿತಕಾಲದಲ್ಲಿಯೇ. ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಗೌರವ ಆ ಪದನಾಮವನ್ನು ಹಾಗೆಯೇ ಉಳಿಸಿದ್ದು.

ಬದುಕಿರುವವರು ತಮ್ಮ ಮಾತನ್ನು ತಾವೇ ಆಡಬಲ್ಲರು ಎಂದಿದ್ದೀರಿ. 2011ರ ಜನವರಿ 8ರಂದು ಅರಿಜೋನಾದ ಟೂಸಾನ್ ಬಳಿ ಸೂಪರ್‌ಮಾರ್ಕೆಟ್ ಒಂದರ ಮುಂದೆ ಮತದಾರರನ್ನು ಭೇಟಿಯಾಗಲು ನಿಂತಿದ್ದ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಅವರ ಮಿದುಳಿಗೆ ಗುಂಡು ತಗುಲಿದಾಗ ಅದು ಕಸಿದುಕೊಂಡದ್ದು ಮುಖ್ಯವಾಗಿ ಮಾತನ್ನೇ. ಹೇಳಬೇಕಾದದ್ದು ಮನಸ್ಸಿನಲ್ಲಿ ಸ್ಪಷ್ಟವಾಗಿದ್ದರೂ ಪದಗಳು ನಾಲಿಗೆಗೆ ಬಾರದ ಅಫೇಸಿಯಾ ಎಂಬ ತೊಂದರೆಯೊಂದಿಗೆ ಅವರು ಇಂದಿಗೂ ಹೆಣಗುತ್ತಿದ್ದಾರೆ. ಮರುವರ್ಷ ಜನವರಿಯಲ್ಲಿ ಸ್ಥಾನಕ್ಕೆ ರಾಜೀನಾಮೆಯನ್ನೂ ಕೊಟ್ಟರು. ಅಂದು ಆರು ಮಂದಿ ಸತ್ತರು, 13 ಮಂದಿ ಗಾಯಗೊಂಡರು. ಸತ್ತವರಲ್ಲಿ ಒಂಬತ್ತು ವರ್ಷದ ಹುಡುಗಿಯೂ, ಫೆಡರಲ್ ನ್ಯಾಯಾಧೀಶರಾಗಿದ್ದ ಜಾನ್ ರೋಲ್ ಅವರೂ, ಆ ಭೇಟಿಯನ್ನು ಏರ್ಪಡಿಸಿದ್ದ ಸಂಸದೆಯ ಸಿಬ್ಬಂದಿ ಗೇಬ್ ಜಿಮ್ಮರ್‌ಮನ್ ಅವರೂ ಇದ್ದರು. ಇಂಥ ದಾಳಿಗಳನ್ನು ನಾಯಕರ ಹೆಸರಿನಿಂದಲೇ ನೆನೆಯುವುದು ರೂಢಿ. ಅಮೆರಿಕದ ಅಧ್ಯಕ್ಷ ಸ್ಥಾನದ ಆಕಾಂಕ್ಷಿಯಾಗಿದ್ದ ಸೆನೆಟರ್ ರಾಬರ್ಟ್ ಕೆನಡಿ ಹತ್ಯೆಯಾದ 1968ರ ಜೂನ್ ರಾತ್ರಿ ಇನ್ನೂ ಐವರಿಗೆ ಗುಂಡು ತಗುಲಿತ್ತೆಂಬುದು ಎಷ್ಟು ಜನರಿಗೆ ನೆನಪಿದೆ? ಆ ಐವರಲ್ಲಿ ಒಬ್ಬರಾದ ಕಾರ್ಮಿಕ ನಾಯಕ ಪಾಲ್ ಶ್ರೇಡ್, ದಾಳಿ ನಡೆದ ಹೋಟೆಲಿನ ಜಾಗದಲ್ಲಿ ಶಾಲೆ ತರಲು ವರ್ಷಗಟ್ಟಲೆ ಹೋರಾಡಿದರು. ಶಾಲೆಗೆ ಕೆನಡಿಯವರ ಹೆಸರಿದೆ, ಅದರ ಗ್ರಂಥಾಲಯಕ್ಕೆ ಶ್ರೇಡ್ ಅವರದು.

ಆದರೂ ನಮ್ಮ ವಾದಕ್ಕೆ ನಾವು ಮುಖ್ಯವಾಗಿ ಆತುಕೊಂಡಿರುವುದು ನಾರ್ವೆಯ ಉಟೊಯಾ ದ್ವೀಪವನ್ನು. 2011ರ ಜುಲೈ 22ರಂದು ಓಸ್ಲೋದ ಬಾಂಬಿಗೆ ಎಂಟು ಮಂದಿಯೂ, ಅದರ ಬೆನ್ನಿಗೇ ಈ ದ್ವೀಪದಲ್ಲಿ ಲೇಬರ್ ಪಕ್ಷದ ಯುವ ಶಿಬಿರದ ಮೇಲೆ ನಡೆದ ಗುಂಡಿನ ದಾಳಿಗೆ 69 ಮಂದಿಯೂ ಬಲಿಯಾದರು. 13 ಮಂದಿ ಪ್ರಾಣಬಿಟ್ಟ ಅಲ್ಲಿನ ಕೆಫೆ ಕಟ್ಟಡವನ್ನು ಕೆಡವದೆ, ಅದರ ಸುತ್ತ ಮರದ ಇನ್ನೊಂದು ಕಟ್ಟಡವನ್ನು ಕಟ್ಟಿ 2016ರಲ್ಲಿ ತೆರೆದಿದ್ದಾರೆ. ಒಳಗೆ ಚಾವಣಿಯನ್ನು ಹೊತ್ತಿರುವ 69 ಕಂಬಗಳು ಸತ್ತವರಿಗಾಗಿ, ಹೊರಗೆ ಸುತ್ತಲೂ ನಿಲ್ಲಿಸಿದ 495 ಮರದ ಪಟ್ಟಿಗಳು ಆ ದಿನ ದ್ವೀಪದಿಂದ ಜೀವಂತವಾಗಿ ಮರಳಿದವರಿಗಾಗಿ. ಬದುಕುಳಿದವರ ಎಣಿಕೆಯಿಂದ ಸತ್ತವರ ಎಣಿಕೆಗೆ ಅಲ್ಲಿ ಯಾವ ಕುಂದೂ ಬಂದಿಲ್ಲ. ದಾಳಿಯ ಗಾತ್ರ ಎಷ್ಟಿತ್ತೆಂಬುದು 69ನ್ನು ಮಾತ್ರ ಎಣಿಸಿದವರಿಗೆ ತಿಳಿಯುವಂಥದ್ದೂ ಅಲ್ಲ.

ಅದೇ ದ್ವೀಪದ ಕಾಡಿನ ನಡುವೆ ಮರಗಳಿಗೆ ತೂಗುಹಾಕಿರುವ ಲೋಹದ ಬಳೆಯೊಂದರಲ್ಲಿ ಸತ್ತವರ ಹೆಸರುಗಳನ್ನು ಕೊರೆದಿದ್ದಾರೆ. ಹೆಸರು ಕೊರೆಸಲು ಇನ್ನೂ ಮನಸ್ಸಾಗದ ಕುಟುಂಬಗಳಿಗಾಗಿ ಅಲ್ಲಿ ಜಾಗವನ್ನು ಖಾಲಿ ಬಿಡಲಾಯಿತು. ಇದಕ್ಕೆ ತದ್ವಿರುದ್ಧವಾದದ್ದು ಎದುರು ದಡದಲ್ಲಿ ನಡೆಯಿತು. ಭೂಶಿರವೊಂದನ್ನು 3.5 ಮೀಟರ್ ಅಗಲಕ್ಕೆ ಸೀಳುವ, ಕಲೆಯಾಗಿ ಅದ್ಭುತವೇ ಎನ್ನಬಹುದಾದ ಯೋಜನೆಯನ್ನು ಸರ್ಕಾರ ಆರಿಸಿತ್ತು. ಆದರೆ ಸುತ್ತಮುತ್ತಲಿನ ನಿವಾಸಿಗಳು, ಅಂದರೆ ಅಂದು ದೋಣಿಗಳಲ್ಲಿ ಹೋಗಿ ನೀರಿಗೆ ಹಾರಿದ್ದ ಎಳೆಯರನ್ನು ಎತ್ತಿ ತಂದ ಜನರನ್ನೂ ಒಳಗೊಂಡ ನೆರೆಹೊರೆಯವರು, ಆ ಸೀಳನ್ನು ದಿನವೂ ನೋಡುತ್ತ ಬಾಳಲಾರೆವೆಂದು ನ್ಯಾಯಾಲಯದ ಮೆಟ್ಟಿಲೇರಿದರು. 2017ರಲ್ಲಿ ಯೋಜನೆ ಕೈಬಿಟ್ಟುಹೋಯಿತು. ಕೊನೆಗೆ ದೋಣಿಕಟ್ಟೆಯ ಬಳಿ, ಓಸ್ಲೋ ಮತ್ತು ದ್ವೀಪ ಎರಡೂ ಕಡೆ ಸತ್ತವರಿಗಾಗಿ, 77 ಕಂಚಿನ ಕಂಬಗಳ ಸ್ಮಾರಕ 2022ರಲ್ಲಿ ಪೂರ್ಣಗೊಂಡಿತು. ಯಾರಿಗಾಗಿ ಕಟ್ಟುತ್ತೇವೋ ಅವರನ್ನು ಮೊದಲೇ ಕೇಳಿದ್ದರೆ ವರ್ಷಗಳ ಈ ಜಗಳ ತಪ್ಪುತ್ತಿತ್ತೆಂದು ನಮಗೆ ಅನ್ನಿಸುತ್ತದೆ.

ತಮ್ಮ ಆತಂಕದಲ್ಲಿ ಒಂದಂಶವನ್ನು ನಾವು ಮನಸಾರೆ ಒಪ್ಪುತ್ತೇವೆ. ಪ್ರತಿ ವರ್ಷ ಅದೇ ದಿನ ಗಾಯಾಳುಗಳನ್ನು ವೇದಿಕೆಗೆ ಕರೆದು, ಅದೇ ಕಥೆಯನ್ನು ಮತ್ತೆ ಹೇಳಿಸಿ, ಪಕ್ಕದಲ್ಲಿ ಪಕ್ಷದ ಮುಖಂಡರು ನಿಂತು ಫೋಟೊ ತೆಗೆಸಿಕೊಳ್ಳುವುದು ಗೌರವವಲ್ಲ. ಉಳಿದ ದಿನಗಳಲ್ಲಿ ಅವರ ಚಿಕಿತ್ಸೆಯ ಖರ್ಚು ಯಾರದು, ಅವರ ಕೆಲಸ ಏನಾಯಿತು ಎಂದು ಕೇಳುವವರಿಲ್ಲದಿದ್ದರೆ ಅದು ಬರೀ ಬಳಕೆ. ಸತ್ತವರಿಗೆ ಇಲ್ಲದ ಒಂದು ಹಕ್ಕು ಬದುಕುಳಿದವರಿಗಿದೆ: ಈ ಗೌರವ ನನಗೆ ಬೇಡ ಎನ್ನುವ ಹಕ್ಕು. ಸಂಘಟಕರೂ, ನಮ್ಮಂಥ ಪತ್ರಿಕೆಯವರೂ ಅದನ್ನು ಮರೆಯುವುದೇ ಹೆಚ್ಚು.

ತಮ್ಮ ಪತ್ರವನ್ನು ಒಂದು ಸಾಲನ್ನೂ ಕತ್ತರಿಸದೆ ಈ ಸಂಚಿಕೆಯ ಓದುಗರ ಪುಟದಲ್ಲಿ ಪ್ರಕಟಿಸಿದ್ದೇವೆ. ಲೇಖನ ಮುಂದೆ ಸಂಕಲನದಲ್ಲಿ ಸೇರುವಾಗಲೂ ಗಾಯಗೊಂಡವರ ಭಾಗ ಹಾಗೆಯೇ ಇರುತ್ತದೆ.

– ಸಂಪಾದಕ