ಉಪಗ್ರಹ, ಅವಾಕ್ಸ್ (ರೇಡಾರ್ ಹೊತ್ತು ಹಾರುವ ವಿಮಾನ) ಎಲ್ಲ ಇರುವಾಗ ಲಾರಿ ಮೇಲಿನ ರೇಡಾರ್‌ಗೆ ಇನ್ನೂ ಕೆಲಸ ಇದೆಯಾ?

ಇದೆ, ಬೇಕಾದಷ್ಟಿದೆ. ಆದರೆ ಪ್ರಶ್ನೆಯ ಬಾಲಕ್ಕೆ ನೀವು ಕಟ್ಟಿರುವ ಮಾತನ್ನು ನಾನು ಒಪ್ಪುವುದಿಲ್ಲ. "ಚಕ್ರ ಇರುವುದರಿಂದ ಶತ್ರುವಿಗೆ ಸಿಗುವುದಿಲ್ಲ, ಹಾಗಾಗಿ ರೇಂಜ್ ಯಾವುದು ಜಾಸ್ತಿಯೋ ಅದೇ ಒಳ್ಳೆಯದು ಅಲ್ಲವೇ, ಸೆಮಿನಾರ್‌ಗೆ ಹೋಲಿಕೆ ಪಟ್ಟಿ ಮಾಡುತ್ತಿದ್ದೇನೆ" ಅಂದಿದ್ದೀರಿ. ಒಂದು ಕಾಲಕ್ಕೆ ನಾನೂ ಬ್ರೋಷರ್‌ನಲ್ಲಿ ಬರೆದ ಕಿಲೋಮೀಟರ್ ನೋಡಿಯೇ ರೇಡಾರ್‌ಗಳಿಗೆ ಮಾರ್ಕ್ಸ್ ಹಾಕುತ್ತಿದ್ದವನು. ಆ ಚಾಳಿ ಬಿಡಿಸಿದ್ದು ಬೆಕಾ ಕಣಿವೆ.

ಲೆಬನಾನ್‌ನ ಆ ಕಣಿವೆಗೆ ಸಿರಿಯಾ ತನ್ನ ಕ್ಷಿಪಣಿ ದಳಗಳನ್ನು ತಂದು ನಿಲ್ಲಿಸಿದ್ದು 1981ರಲ್ಲಿ. ಹೆಚ್ಚಿನವು ಸೋವಿಯತ್ ನಿರ್ಮಿತ ಕುಬ್, ನೇಟೋದವರು ಸ್ಯಾಮ್-6 ಅನ್ನುವುದು. 1973ರ ಯುದ್ಧದಲ್ಲಿ ಇಸ್ರೇಲಿ ವಿಮಾನಗಳಿಗೆ ನೀರು ಕುಡಿಸಿದ್ದು ಇದೇ ಕುಬ್. ಒಂದು ದಳಕ್ಕೆ ಟ್ಯಾಂಕಿನಂತೆ ಪಟ್ಟಿಯ ಮೇಲೆ ಓಡುವ ಒಂದು ರೇಡಾರ್ ಗಾಡಿ, ತಲಾ ಮೂರು ಕ್ಷಿಪಣಿ ಹೊತ್ತ ನಾಲ್ಕು ಗಾಡಿ. ಹುಡುಕುವ ಆಂಟೆನಾ, ಗುರಿ ಹಿಡಿಯುವ ಆಂಟೆನಾ ಎರಡೂ ಆ ಒಂದೇ ರೇಡಾರ್ ಗಾಡಿಯ ಮೇಲೆ. ಅದು ಹೋಯಿತೆಂದರೆ ಹನ್ನೆರಡು ಕ್ಷಿಪಣಿಗೂ ಕಣ್ಣಿಲ್ಲ. ಐದಾರು ನಿಮಿಷದಲ್ಲಿ ಜಾಗ ಖಾಲಿ ಮಾಡಬಲ್ಲ ಯಂತ್ರ ಅದು.

ಖಾಲಿ ಮಾಡಲೇ ಇಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಅದೇ ಕಣಿವೆಯಲ್ಲಿ, ಅಗೆದ ಗುಂಡಿಗಳಲ್ಲಿ ಕೂತರು. ಇಸ್ರೇಲಿನ ಮಾಸ್ಟಿಫ್, ಸ್ಕೌಟ್ ಡ್ರೋನ್‌ಗಳು ಅಷ್ಟು ದಿನವೂ ಮೇಲಿಂದ ನೋಡುತ್ತಿದ್ದವು. 1982ರ ಜೂನ್ 9ರಂದು ಮೊದಲು ಬಂದದ್ದು ವಿಮಾನದ ಹಾಗೆ ಕಾಣುವ ಹುಸಿ ಡ್ರೋನ್‌ಗಳು. ಸಿರಿಯನ್ನರು ರೇಡಾರ್ ಹಾಕಿದರು, ಕ್ಷಿಪಣಿ ಬಿಟ್ಟರು. ಆ ಸಿಗ್ನಲ್ ಹಿಡಿದು ಶ್ರೈಕ್, ಸ್ಟ್ಯಾಂಡರ್ಡ್ ಕ್ಷಿಪಣಿಗಳು ಬಂದವು, ಹಿಂದೆಯೇ ಬಾಂಬು ಹೊತ್ತ ವಿಮಾನಗಳು. 19 ದಳಗಳಲ್ಲಿ 17 ಅದೇ ದಿನ ಹೋದವು.

"ಜಾಗ ಬದಲಿಸಲಿಲ್ಲ" ಅಂತ ಇದನ್ನು ಒಂದೇ ಸಾಲಿನಲ್ಲಿ ಮುಗಿಸುವವರಿದ್ದಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ರೇಡಾರ್ ಕಳಿಸಿದ ಶಕ್ತಿ ಹೋಗುವಾಗ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ, ಪ್ರತಿಫಲನವಾಗಿ ಬರುವಾಗ ಮತ್ತೊಮ್ಮೆ ಅಷ್ಟೇ ಕುಗ್ಗುತ್ತದೆ. ಒಟ್ಟು ನಾಲ್ಕನೇ ಘಾತ. ರೇಂಜ್ ಎರಡು ಪಟ್ಟು ಮಾಡಲು 16 ಪಟ್ಟು ಶಕ್ತಿ ಬೇಕಾಗುವುದು ಇದರಿಂದಲೇ. ಆದರೆ ಕೇಳಿಸಿಕೊಳ್ಳುವ ಶತ್ರುವಿಗೆ ಒಂದೇ ದಾರಿಯ ನಷ್ಟ. ರಾತ್ರಿ ಅಡಿಕೆ ತೋಟಕ್ಕೆ ಟಾರ್ಚ್ ಹಿಡಿದು ಹೋದವನಿಗೆ ಕಳ್ಳ ಕಾಣುವ ಮೊದಲೇ ಕಳ್ಳನಿಗೆ ಟಾರ್ಚ್ ಕಂಡಿರುತ್ತದೆ. ಅಂದರೆ ನೀವು ಹೊಗಳುವ ದೊಡ್ಡ ರೇಂಜ್ ಇನ್ನೂ ದೂರದಿಂದ ಸಿಕ್ಕಿಬೀಳುವ ರೇಂಜ್ ಕೂಡ ಹೌದು.

ಇನ್ನು "ಕ್ಷಿಪಣಿ ಬಂದರೆ ಸ್ವಿಚ್ ಆಫ್ ಮಾಡಿದರಾಯಿತು" ಅನ್ನುವ ವಾದ. ಶ್ರೈಕ್ ಕಾಲಕ್ಕೆ ಅದು ನಡೆಯುತ್ತಿತ್ತು, ಸಿಗ್ನಲ್ ನಿಂತರೆ ಅದು ದಾರಿ ತಪ್ಪುತ್ತಿತ್ತು. ಆಮೇಲೆ ಬಂದ ಹಾರ್ಮ್ ಕ್ಷಿಪಣಿ ಕೊನೆಯ ಬಾರಿ ಸಿಗ್ನಲ್ ಬಂದ ಜಾಗವನ್ನು ನೆನಪಿಟ್ಟುಕೊಂಡು ಅಲ್ಲಿಗೇ ಹೋಗಲು ನೋಡುತ್ತದೆ. ಶಬ್ದದ ಎರಡು ಪಟ್ಟು ವೇಗ ಅಂದುಕೊಂಡರೂ 60 ಕಿ.ಮೀ. ದಾಟಲು ಒಂದೂವರೆ ನಿಮಿಷ ಸಾಕು. ಐದು ನಿಮಿಷದಲ್ಲಿ ಹೊರಡುವ ಗಾಡಿಗೂ ಅಷ್ಟರಲ್ಲಿ ಕಾಲು ಕೀಳಲು ಆಗುವುದಿಲ್ಲ. ಹಾಗಾಗಿ ಕ್ಷಿಪಣಿ ಕಂಡ ಮೇಲೆ ಓಡುವುದಲ್ಲ, ಕಾಣುವ ಮೊದಲೇ ಜಾಗ ಬಿಟ್ಟಿರಬೇಕು.

ಮತ್ತೆ ಯಾಕೆ ಬಿಡುವುದಿಲ್ಲ? ಸೋಮಾರಿತನ ಅನ್ನುವುದು ಸುಲಭ, ಆದರೆ ಪ್ರತಿ ಸಲ ಎದ್ದಾಗಲೂ ತೆರಬೇಕಾದ ಬೆಲೆ ಸಣ್ಣದಲ್ಲ. ಹೊಸ ಜಾಗದಲ್ಲಿ ಜ್ಯಾಕ್ ಇಳಿಸಿ ಗಾಡಿಯನ್ನು ಮಟ್ಟ ಮಾಡಬೇಕು. ಅರ್ಧ ಡಿಗ್ರಿ ವಾಲಿದರೆ 100 ಕಿ.ಮೀ. ದೂರದ ವಿಮಾನದ ಎತ್ತರದಲ್ಲಿ ಸುಮಾರು 870 ಮೀಟರ್ ಎಡವಟ್ಟು. ಉತ್ತರ ದಿಕ್ಕು ಹಿಡಿಯುವಾಗ ಒಂದು ಡಿಗ್ರಿ ತಪ್ಪಿದರೆ ಅದೇ ದೂರದಲ್ಲಿ 1.75 ಕಿ.ಮೀ. ಪಕ್ಕಕ್ಕೆ ತೋರಿಸುತ್ತದೆ. ಆಗ ಪಕ್ಕದ ರೇಡಾರ್ ಕೊಟ್ಟ ಮಾಹಿತಿಯ ಜೊತೆ ಸೇರಿಸಿದಾಗ ಒಂದೇ ವಿಮಾನ ಪರದೆಯ ಮೇಲೆ ಎರಡಾಗುತ್ತದೆ. ಮೆದು ಮಣ್ಣಿನಲ್ಲಿ ಮಳೆ ಬಂದರೆ ಜ್ಯಾಕ್ ಕೂತು, ಬೆಳಿಗ್ಗೆ ಮಾಡಿದ ಮಟ್ಟ ಸಂಜೆಗೆ ಹೋಗಿರುತ್ತದೆ. ಸುತ್ತಲಿನ ಗುಡ್ಡ, ಕಟ್ಟಡಗಳ ಪ್ರತಿಫಲನವನ್ನು ಹೊಸದಾಗಿ ಗುರುತಿಸಿ ತೆಗೆದುಹಾಕಬೇಕು. ಜನರೇಟರ್, ಡೀಸೆಲ್, ಸಂಪರ್ಕದ ಲಿಂಕ್, ನಮ್ಮ ವಿಮಾನವೋ ಶತ್ರುವಿನದೋ ಗುರುತಿಸುವ ಐಎಫ್‌ಎಫ್ ಬೇರೆ. ಇಷ್ಟೆಲ್ಲ ಮುಗಿಸಿ ಚೆನ್ನಾಗಿ ಕೆಲಸ ಮಾಡುತ್ತಿರುವ ರೇಡಾರನ್ನು ಬಿಚ್ಚು ಅಂದರೆ ಯಾರಿಗೂ ಮನಸ್ಸು ಬರುವುದಿಲ್ಲ.

ಇದಕ್ಕೆ ಎದುರಾಗಿ 1999ರಲ್ಲಿ ನೇಟೋ ಬಾಂಬು ಹಾಕುತ್ತಿದ್ದಾಗಿನ ಸರ್ಬಿಯಾ ನೋಡಿ. ಅಲ್ಲಿದ್ದದ್ದು 1960ರ ದಶಕದ ತಂತ್ರಜ್ಞಾನದ ಎಸ್-125 ನೇವಾ ಕ್ಷಿಪಣಿ ವ್ಯವಸ್ಥೆ. ಟ್ರೇಲರ್, ಕ್ರೇನ್, ಕೇಬಲ್‌ಗಳ ರಾಶಿ. ಕುಬ್ ಮುಂದೆ ಅದು ಮೊಬೈಲ್ ಅಂತ ಹೇಳುವುದೂ ಕಷ್ಟ. ಆದರೆ ಜೋಲ್ತಾನ್ ದಾನಿ ಅನ್ನುವ ಕಮಾಂಡರ್ ತನ್ನ ದಳವನ್ನು ಒಂದೆಡೆ ನಿಲ್ಲಗೊಡಲಿಲ್ಲ. ಗುರಿ ಹಿಡಿಯುವ ರೇಡಾರ್ 20 ಸೆಕೆಂಡಿಗಿಂತ ಹೆಚ್ಚು ಉರಿಯಬಾರದು ಅನ್ನುವುದು ಅವನ ಕಟ್ಟುನಿಟ್ಟು. ಹುಡುಕುವ ಕೆಲಸ ಪಿ-18 ಅನ್ನುವ ಇನ್ನೊಂದು ರೇಡಾರಿನದ್ದು. ಅದರ ತರಂಗಾಂತರ ಎರಡು ಮೀಟರಿನ ಹತ್ತಿರ. ಸೆಂಟಿಮೀಟರ್ ಅಲೆಗಳನ್ನು ಪಕ್ಕಕ್ಕೆ ಚೆಲ್ಲಲು ರೂಪಿಸಿದ ಸ್ಟೆಲ್ತ್ (ರೇಡಾರಿಗೆ ಸುಲಭವಾಗಿ ಸಿಗದ) ವಿಮಾನದ ಮೈಕಟ್ಟಿಗೆ ಇಷ್ಟು ಉದ್ದದ ಅಲೆ ಪೂರ್ತಿ ಮೋಸ ಹೋಗುವುದಿಲ್ಲ. ಪಿ-18 ಕೊಡುವ ಜಾಗ ಕ್ಷಿಪಣಿ ನಡೆಸುವಷ್ಟು ನಿಖರವಲ್ಲ, ಆದರೆ ಯಾವ ಕಡೆ ನೋಡಬೇಕು ಅನ್ನುವುದು ಗೊತ್ತಾದರೆ ಗುರಿ ಹಿಡಿಯುವ ರೇಡಾರನ್ನು ಕೊನೆ ಗಳಿಗೆಯವರೆಗೆ ಮುಚ್ಚಿಡಬಹುದು. ಮಾರ್ಚ್ 27ರ ರಾತ್ರಿ ಬುಜಾನೊವ್ಚಿ ಹಳ್ಳಿಯ ಬಳಿ ಅಮೆರಿಕದ ಸ್ಟೆಲ್ತ್ ವಿಮಾನ ಎಫ್-117 ಬಿತ್ತು. ಮೇ 2ರಂದು ಅದೇ ದಳ ಒಂದು ಎಫ್-16 ಕೆಡವಿತು. ಇದನ್ನು ಎಲ್ಲರೂ ಸ್ಟೆಲ್ತ್ ಸೋತ ಕಥೆಯಾಗಿ ಹೇಳುತ್ತಾರೆ. ನನ್ನ ಪ್ರಕಾರ ಇದು ಶಿಸ್ತಿನ ಕಥೆ. ಹೊಸ ಗಾಡಿ ಕೂತು ಸತ್ತಿತು, ಹಳೇ ಟ್ರೇಲರ್ ನಡೆದು ಬದುಕಿತು.

ಅವಾಕ್ಸ್ ವಿಷಯ. ನೆಲದ ರೇಡಾರಿನ ನಿಜವಾದ ಶತ್ರು ಭೂಮಿಯ ಬಾಗು. ಆಂಟೆನಾದ ಎತ್ತರ, ವಿಮಾನದ ಎತ್ತರ ಎರಡನ್ನೂ ಮೀಟರಿನಲ್ಲಿ ತೆಗೆದುಕೊಂಡು, ಎರಡರ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿ; ಕಾಣುವ ದೂರ ಕಿ.ಮೀ.ಗಳಲ್ಲಿ ಬರುತ್ತದೆ. 10 ಮೀಟರ್ ಕಂಬ, 50 ಮೀಟರ್ ಎತ್ತರದಲ್ಲಿ ಬರುವ ವಿಮಾನ: 42 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗಕ್ಕೆ ಮೂರು ನಿಮಿಷವೂ ಇಲ್ಲ. ಆಂಟೆನಾ ನಿಮಿಷಕ್ಕೆ 6 ಸುತ್ತು ತಿರುಗಿದರೆ ಎರಡು ನೋಟದ ನಡುವೆ ಅದು ಎರಡೂವರೆ ಕಿ.ಮೀ. ಮುಂದೆ ಬಂದಿರುತ್ತದೆ. ಬ್ರೋಷರಿನ 200 ಕಿ.ಮೀ. ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 9 ಕಿ.ಮೀ. ಮೇಲಿರುವ ಅವಾಕ್ಸ್‌ಗೆ ಅದೇ ವಿಮಾನ 400 ಕಿ.ಮೀ.ಯಿಂದ ಕಾಣಬಹುದು, ನಿಜ. ಆದರೆ ಭಾರತದ ಬಳಿ ಐಎಲ್-76 ವಿಮಾನದ ಮೇಲೆ ಕೂರಿಸಿದ ಫಾಲ್ಕನ್ ಅವಾಕ್ಸ್ ಇರುವುದೇ ಮೂರು, ಇಂಧನ ಮುಗಿದರೆ ಇಳಿಯಲೇಬೇಕು. ಇಡೀ ಗಡಿಯನ್ನು ಇಪ್ಪತ್ನಾಲ್ಕು ಗಂಟೆಯೂ ಕಾಯಲು ಅವು ಸಾಲವು. ಸುತ್ತು ಹೊಡೆಯುವ ಉಪಗ್ರಹ ವಿಮಾನದ ಬೆನ್ನು ಹತ್ತುವುದಿಲ್ಲ. ಉಳಿದ ಸಂದು ಮುಚ್ಚುವುದು ಕಣಿವೆ ಬಾಯಿಗಳಲ್ಲಿ ನಿಂತ ಸಣ್ಣ ರೇಡಾರ್‌ಗಳೇ.

ನಮ್ಮಲ್ಲೂ ಆ ಯೋಚನೆ ಇದೆ. ಬೆಂಗಳೂರಿನ ಎಲ್‌ಆರ್‌ಡಿಇ (ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ) ರೂಪಿಸಿದ ರೋಹಿಣಿ ರೇಡಾರ್ ಟಾಟ್ರಾ ಲಾರಿಯ ಮೇಲೆ ನಿಲ್ಲುತ್ತದೆ, ಪರದೆಗಳೂ ವಿದ್ಯುತ್ತೂ ಬೇರೆ ಗಾಡಿಗಳಲ್ಲಿ. ಅಲ್ಲಿಯದೇ ಅಶ್ಲೇಷಾವನ್ನು ಬಿಡಿ ಭಾಗ ಮಾಡಿ ಹೇಸರಗತ್ತೆ ಮೇಲೆ, ತಲೆಹೊರೆಯಲ್ಲಿ ಗುಡ್ಡಕ್ಕೆ ಹೊರಬಹುದು. ಕೆಳಮಟ್ಟದಲ್ಲಿ ಹಾರುವ ವಿಮಾನ ಹಿಡಿಯುವ ಅಶ್ವಿನಿ ರೇಡಾರಿಗೆ ರಕ್ಷಣಾ ಸಚಿವಾಲಯ 2025ರ ಮಾರ್ಚ್‌ನಲ್ಲಿ ಬಿಇಎಲ್ ಜೊತೆ 2,906 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು.

ನಿಮ್ಮ ಪಟ್ಟಿಯಲ್ಲಿ ರೇಂಜ್ ಕಾಲಂ ಕೊನೆಗೆ ತಳ್ಳಿ. ಮೊದಲಿಗೆ ಬಿಚ್ಚಿ ಹೊರಡಲು ಎಷ್ಟು ನಿಮಿಷ, ರಾತ್ರಿ ಕತ್ತಲಲ್ಲಿ ಎಷ್ಟು ಅಂತ ಬರೆಯಿರಿ. ಆಮೇಲೆ ಒಟ್ಟು ಎಷ್ಟು ಗಾಡಿ, ಅವುಗಳಿಗೆ ಎಂಥ ರಸ್ತೆ ಬೇಕು. ಮಟ್ಟ ಮತ್ತು ಉತ್ತರ ತಾನಾಗಿಯೇ ಹಿಡಿಯುತ್ತದೋ, ಕೈಯಿಂದ ಮಾಡಬೇಕೋ. ಪರದೆ ಮುಂದೆ ಕೂತವರನ್ನು ಆಂಟೆನಾದಿಂದ ಫೈಬರ್ ಕೇಬಲ್ ಮೇಲೆ ಎಷ್ಟು ದೂರ ಕೂರಿಸಬಹುದು. ಯಾಕೆಂದರೆ ಕ್ಷಿಪಣಿ ಬರುವುದು ಆಂಟೆನಾಕ್ಕೆ, ಮತ್ತು ಆಂಟೆನಾ ಇನ್ನೊಂದು ತರಿಸಬಹುದು. ಜನರೇಟರ್ ಬಿಸಿಯನ್ನು ಮರೆಮಾಡುವ ವ್ಯವಸ್ಥೆ ಇದೆಯೋ ಇಲ್ಲವೋ ಅನ್ನುವುದಕ್ಕೂ ಒಂದು ಕಾಲಂ ಇರಲಿ, ರೇಡಾರ್ ಆಫ್ ಆಗಿದ್ದರೂ ಡ್ರೋನಿನ ಇನ್ಫ್ರಾರೆಡ್ ಕ್ಯಾಮೆರಾಕ್ಕೆ ಅದು ಕಾಣುತ್ತಲೇ ಇರುತ್ತದೆ.